ಗುಜರಿಗೆ ಪೇಪರ್ ಮಾತ್ರ

ಏವ್ರಿಲ್,

ನಾನು ಡ್ಯೂಟಿಗೆ ಹೊರಟೆ. ಗಂಜಿ ಕುಕ್ಕರಿನಲ್ಲಿ ಉಂಟು. ಉಪ್ಪಿನಕಾಯಿ ಮುಟ್ಟಬೇಡ, ನಿನ್ನ ಗಂಟಲಿಗೆ ಆಗ್ಲಿಕ್ಕಿಲ್ಲ.

ಬೋಳಾರದ ಗುಜರಿಯವ ಬಂದರೆ ಹಳೇ ಪೇಪರ್ ಮಾತ್ರ ಕೊಡು. ನೀನು ಅದರ ಜೊತೆ ಹೊರಗಿಟ್ಟ ಗಿಟಾರ್ ನನ್ನ ಕಪಾಟಿನಲ್ಲಿ ಉಂಟು. ಬೀಗ ಹಾಕಿದ್ದೇನೆ, ಹುಡುಕಬೇಡ.

ಡಾಕ್ಟರ್ ಹೇಳಿದ್ದು ಮೂರು ತಿಂಗಳು ಹಾಡಬೇಡ ಅಂತ. ಹಾಡುವುದನ್ನೇ ಬಿಟ್ಟುಬಿಡು ಅಂತ ಅಲ್ಲ ಮಾರಾಯ್ತಿ. ಚರ್ಚ್ ಕೊಯರಿನ ಲಿಗೋರಿ ಮಾಸ್ಟ್ರಿಗೆ ನಾನೇ ಫೋನ್ ಮಾಡಿದೆ. ನಿನ್ನ ಜಾಗಕ್ಕೆ ಬೇರೆ ಯಾರನ್ನೂ ತಗೊಳ್ಳುವುದಿಲ್ಲವಂತೆ.

ಊಟ ಆದ ಮೇಲೆ ಮೆಸೇಜ್ ಹಾಕು. ಫೋನ್ ಮಾಡಿ ಮಾತಾಡಬೇಡ.

ಗುಡ್ ಫ್ರೈಡೆಗೆ ನಮ್ಮ ಇಗರ್ಜಿಯ ಗಂಟೆ ಬಾರಿಸುವುದಿಲ್ಲ, ಮರದ ತುಂಡು ಬಡಿತಾರೆ. ಹಾಗಂತ ಈಸ್ಟರಿಗೆ ಪುನಃ ಬಾರಿಸುವ ಗಂಟೆಯನ್ನು ಯಾರಾದರೂ ಗುಜರಿಗೆ ಕೊಡ್ತಾರಾ?

ಮಮ್ಮಿ