ಕೆಂಚಿಗೆ ಓದಿ ಹೇಳಿದ ಪುಸ್ತಕ

ಲಾಯದ ಮೇಲಿನ ಕೋಣೆ
ಹನ್ನೆರಡನೇ ತಾರೀಖು, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಸೊಂಟದ ನೋವು ಹೇಗಿದೆ? ಪಕ್ಕಕ್ಕೆ ಹೊರಳಲು ಡಾಕ್ಟರು ಬಿಟ್ಟರಾ? ನರ್ಸಮ್ಮನ ಮೇಲೆ ರೇಗಾಡಬೇಡ, ಪಾಪ, ಅವರೇನು ಕುದುರೆಯಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಚೆನ್ನಾಗಿಲ್ಲ.

ನಿನ್ನನ್ನು ಕೆಡವಿದ ಕುದುರೆ, ನಮ್ಮ ಕೆಂಚಿಯ ವಿಷಯ. ಮಾಲೀಕರು ಕೊಟ್ಟ ಒಂದು ತಿಂಗಳ ಗಡುವು ನಾಳೆಗೆ ಮುಗಿಯುತ್ತದೆ. ಹತ್ತು ಗಂಟೆಗೆ ಅವಳು ಬೆನ್ನ ಮೇಲೆ ಆಳನ್ನು ಹೊತ್ತು ಅಂಗಳದಲ್ಲಿ ಒಂದು ಸುತ್ತು ಬರಬೇಕು. ಇಲ್ಲದಿದ್ದರೆ ಮಧ್ಯಾಹ್ನ ಕುದುರೆ ಡಾಕ್ಟರು ಸೂಜಿ ಚುಚ್ಚಿ ಅವಳ ಕಥೆ ಮುಗಿಸುತ್ತಾರೆ. ಹತ್ತಲು ಯಾರೂ ಮುಂದೆ ಬರಲಿಲ್ಲ, ನಾನು ಹತ್ತುತ್ತೇನೆ ಅಂದುಬಿಟ್ಟೆ. ಲದ್ದಿ ಬಾಚುವವಳು, ಜನ್ಮದಲ್ಲಿ ಜೀನಿನ ಮೇಲೆ ಕೂತವಳಲ್ಲ! ಬೈಯಬೇಡ, ಮುಂದೆ ಓದು.

ಆಫೀಸಿನ ಬೀರುವಿನಲ್ಲಿ ಸವಾರಿ ಪುಸ್ತಕಗಳಿದ್ದವಲ್ಲ, ನೀನು "ಪುಸ್ತಕದ ಬದನೆಕಾಯಿ ಕಣೇ" ಅಂತ ನಗುತ್ತಿದ್ದೆಯಲ್ಲ, ಅವೇ. ಅದರಲ್ಲೊಂದನ್ನು ತಂದು ಓದಿದೆ, ಹಳೇ ಕಾಲದ ಸವಾರರು ಬರೆದದ್ದು. ಹೊಡೆಯಬೇಡ, ಜಗ್ಗಬೇಡ, ಕುದುರೆ ಒಂದು ಹೆಜ್ಜೆ ಮಾತು ಕೇಳಿದರೂ ಆ ಕ್ಷಣವೇ ಲಗಾಮು ಸಡಿಲ ಬಿಡು, ಅದೇ ಅದಕ್ಕೆ ಬಹುಮಾನವಂತೆ. ಎಲ್ಲ ಸರಿ, ಮೂರನೇ ಪುಟಕ್ಕೇ ಪುಸ್ತಕ ಮುಚ್ಚಿಬಿಟ್ಟೆ. ಹೆದರಿದವರು ಹತ್ತಿರ ಹೋಗಬಾರದಂತೆ, ನಮ್ಮ ಉಸಿರು ಬಿಗಿಯಾದರೆ ಕುದುರೆಗೆ ಗೊತ್ತಾಗುತ್ತದಂತೆ. ಅಯ್ಯೋ ದೇವರೇ, ನನಗೆ ಅವಳ ಬಾಗಿಲ ಬಳಿ ನಿಂತರೇ ಉಸಿರು ಕಟ್ಟುತ್ತದೆ! ನಾನು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದರೂ ಅವಳು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಕೊನೆಗೆ, ಉಸಿರು ಕಟ್ಟಬಾರದೆಂದು ಆ ಪುಸ್ತಕವನ್ನೇ ಗಟ್ಟಿಯಾಗಿ ಓದತೊಡಗಿದೆ. ಓದುವಾಗ ಉಸಿರಾಡಲೇಬೇಕಲ್ಲ! ಐದನೇ ದಿನ ಕಿವಿ ಇತ್ತ ತಿರುಗಿಸಿದಳು. ಆಮೇಲೊಂದು ದಿನ ನನ್ನ ಹೆಗಲ ಮೇಲೆ ಗಲ್ಲ ಇಟ್ಟಳು, ಅತ್ತುಬಿಟ್ಟೆ ಕಣೋ. ಈಗ ಜೀನು ಹಾಕಿಸಿಕೊಳ್ಳುತ್ತಾಳೆ, ಲಗಾಮು ಬೆರಳಲ್ಲಿ ಮುಟ್ಟಿದರೆ ನಿಲ್ಲುತ್ತಾಳೆ. ಆದರೆ ನಾನು ಓದುತ್ತಿರುವವರೆಗೆ ಮಾತ್ರ. ನಿಲ್ಲಿಸಿದರೆ ಮೈಯೆಲ್ಲ ಬಿಗಿ. ಲಗಾಮು ಹಿಡಿದ ಕೈಯಲ್ಲಿ ಪುಸ್ತಕ ಹಿಡಿಯುವುದು ಹೇಗೆ? ಅದಕ್ಕೇ ನಲವತ್ತು ಪುಟ ಬಾಯಿಪಾಠ ಮಾಡಿದ್ದೇನೆ, ಮಗ್ಗಿ ಬಾರದೆ ಬೆಂಚಿನ ಮೇಲೆ ನಿಂತವಳು!

ನಾಳೆ ಮೇಲೆ ಕೂತು ಒಂದು ಸಾಲು ಮರೆತರೆ ಏನು ಗತಿ? ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ ಸೊಂಟ ಬೇಗ ಕೂಡಿಕೊಳ್ಳಲಿ, ಯಾರ ಕೈಯನ್ನೂ ಹಿಡಿಯದೆ ನಡೆದು ಮನೆಗೆ ಬಾ.

ನಿನ್ನ ತಂಗಿ,
ಬಾಯಿಬಡುಕಿ

ಮತ್ತೊಂದು ಮಾತು: ಪತ್ರ ಒಯ್ಯುವ ಡ್ರೈವರ್ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಕೆಂಚಿ ಸುಮ್ಮಸುಮ್ಮನೆ ಹುಚ್ಚೆದ್ದಳು ಎಂದು ನೀನು ಮಾಲೀಕರಿಗೆ ಹೇಳಿದೆ. ಚಾವಟಿಯ ಹಿಡಿಯಿಂದ ನೀನು ಅವಳ ಕಿವಿಯ ಮೇಲೆ ಮೂರು ಸಲ ಹೊಡೆದದ್ದನ್ನು ನಾನು ಹುಲ್ಲಿನ ಅಟ್ಟದಿಂದ ನೋಡಿದ್ದೆ. ನಿನ್ನ ಕೆಲಸವೂ ಉಳಿಯಲಿ, ಅವಳ ಜೀವವೂ ಉಳಿಯಲಿ ಎಂದೇ ಬಾಯಿ ಮುಚ್ಚಿಕೊಂಡು ಪುಸ್ತಕ ಹಿಡಿದೆ. ಆದರೆ ನಾಳೆ ಅವಳು ನನ್ನನ್ನು ಹೊತ್ತು ನಡೆದರೆ, ನಿನ್ನನ್ನೇಕೆ ಕೆಡವಿದಳು ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ನನ್ನನ್ನು ಕೆಡವಿದರಂತೂ ಸೂಜಿ ತಪ್ಪಿಸಲು ನಾನೇ ನಿಜ ಹೇಳಬೇಕು. ನಿನ್ನ ಮುಖ ನೆನೆದರೆ ಕೆಂಚಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ. ನಾಳೆ ಹತ್ತು ಗಂಟೆಯೊಳಗೆ ನೀನೇ ಮಾಲೀಕರಿಗೆ ಫೋನ್ ಮಾಡು ಅಣ್ಣಾ, ನನ್ನ ಬಾಯಿಂದ ಹೇಳಿಸಬೇಡ.