ನೇರ ಮಲಗಲಾರದ ಅಕ್ಕನ ಒಂದು ಹಲ್ಲು

ಮಾನ್ಯರೇ,

ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳು ನಿಮ್ಮ ಸುಪರ್ದಿಯಲ್ಲಿವೆ. ಅವುಗಳಲ್ಲೊಂದರಲ್ಲಿ ನನ್ನ ಅಕ್ಕ ಪದ್ಮಿನಿಯ ಕೊಳೆತ ದವಡೆಹಲ್ಲನ್ನು ಕೀಳಲು ಒಪ್ಪಲಿಲ್ಲ. ಕಾರಣ ಹಲ್ಲಲ್ಲ, ಬೆನ್ನು. ಹುಟ್ಟಿನಿಂದಲೇ ಅಕ್ಕನ ಬೆನ್ನುಮೂಳೆ ಬಾಗಿದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ನಿಮ್ಮ ದಂತ ವಿಭಾಗದ ಕುರ್ಚಿಗೋ, ಬೆನ್ನು ನೆಟ್ಟಗಿರುವವರ ಬಾಯಲ್ಲಿ ಮಾತ್ರ ಹಲ್ಲಿರುತ್ತದೆ ಎಂಬ ದೃಢ ನಂಬಿಕೆ.

“ನೇರೆ ಕಿಡಕ್ಕಣಂ” ಎಂದು ಮಲಯಾಳದಲ್ಲಿ ಹೇಳಿದರು ನರ್ಸಮ್ಮ. ನೇರ ಮಲಗಬೇಕಂತೆ. “ಅರವತ್ತು ವರ್ಷದಿಂದ ಅದನ್ನೇ ಮಾಡೋಕೆ ನೋಡ್ತಾ ಇದೀನಿ ಮಗಳೇ, ಆಗ್ತಿಲ್ಲ” ಎಂದು ಅಕ್ಕ ನಕ್ಕಳು. ಬೇರೆ ಯಾರೂ ನಗಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಯೇ ಕೀಳಬಹುದಲ್ಲ ಎಂದು ನಾನು ಕೇಳಿದೆ. ಡಾಕ್ಟರು ಅಕ್ಕನತ್ತ ತಿರುಗದೆ ನನಗೇ ಹೇಳಿದರು: “ರಿಸ್ಕ್. ಕೋಝಿಕ್ಕೋಡಿಗೆ ಕರ್ಕೊಂಡು ಹೋಗಿ.” ಪಕ್ಕದ ಪುಲ್ಪಳ್ಳಿಯವರೆಗೆ ಜೀಪಿನಲ್ಲಿ ಹೋಗಿಬಂದರೇ ಮರುದಿನ ಏಳಲಾಗದವಳು ಘಾಟಿಯ ಅಷ್ಟೂ ತಿರುವುಗಳನ್ನು ಹೇಗೆ ಇಳಿಯಬೇಕು? ಅದನ್ನು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಮುಂದಿನದನ್ನು ಕೇಳಿ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆ ನೋವಿನಲ್ಲಿ ಅಕ್ಕ ಒಂದು ಬಟ್ಟಲು ಗಂಜಿ ಮುಗಿಸುವ ಮೊದಲೇ ಕತ್ತಲಾಗುತ್ತದೆ. ಉಳಿದದ್ದನ್ನು ಹಾಗೇ ಸರಿಸಿಬಿಡುತ್ತಾಳೆ. ಅದನ್ನು ಕಂಡ ಯಾರೋ ಬಸದಿಯಲ್ಲಿ ಸುದ್ದಿ ಹಬ್ಬಿಸಿದರು: ಪದ್ಮಿನಮ್ಮ ಸಲ್ಲೇಖನ ಹಿಡಿದಿದ್ದಾರೆ, ಆಹಾರ ಬಿಟ್ಟು ದೇಹ ತ್ಯಜಿಸುತ್ತಿದ್ದಾರೆ. ಅಷ್ಟೇ ಸಾಕಾಯಿತು. ಕಾಫಿ ಒಣಗಿಸುವ ಅಂಗಳದ ತುಂಬ ಜನ, ಎಲ್ಲರೂ ಕಾಲಿಗೆ ಬೀಳುವವರೇ. “ವ್ರತ ಅಲ್ಲ ಕಣವ್ವಾ, ಹಲ್ಲುನೋವು” ಎಂದು ಅಕ್ಕ ಅಂದರೆ, ಎಂಥ ವಿನಯ ಎಂದು ಇನ್ನೊಮ್ಮೆ ಬಿದ್ದರು!

ಮೊದಲು ನನಗೂ ನಗು ಬಂತು. ಈಗ ಭಯವಾಗುತ್ತಿದೆ. ಮೊನ್ನೆ ಗಂಜಿ ಕೊಟ್ಟರೆ ಅಕ್ಕ ಬಟ್ಟಲು ಮುಟ್ಟಲಿಲ್ಲ. “ಇರ್ಲಿ ಬಿಡೋ ವಿಮಲಾ. ಆಸ್ಪತ್ರೇಲಿ ಒಬ್ರೂ ನನ್ ಮುಖ ನೋಡ್ಲಿಲ್ಲ. ಇವ್ರು ಕೈಯಾದ್ರೂ ಮುಗೀತಾರೆ” ಎಂದಳು.

ಸಲ್ಲೇಖನಕ್ಕೆ ಗುರುಗಳ ಅಪ್ಪಣೆ ಬೇಕು, ಸ್ವಾಮಿ. ನನ್ನ ಅಕ್ಕನಿಗೆ ಅಪ್ಪಣೆ ಕೊಟ್ಟದ್ದು ನಿಮ್ಮ ಕುರ್ಚಿ. ಬೆನ್ನು ಬಾಗಿದವರನ್ನು ಕೂರಿಸಿ, ಆನಿಸಿ, ಹೇಗಿದ್ದಾರೋ ಹಾಗೇ ಹಲ್ಲು ನೋಡುವ ವ್ಯವಸ್ಥೆ ಘಾಟಿಯ ಮೇಲೆಯೇ, ಈ ವಾರವೇ ಆಗಬೇಕು. ಆಗದಿದ್ದರೆ ನೀವೇ ನಮ್ಮ ಅಂಗಳಕ್ಕೆ ಬನ್ನಿ. ಕೈ ಮುಗಿಯುವವರು ಇಲ್ಲಿ ಬೇಕಾದಷ್ಟಿದ್ದಾರೆ. ಬರುವಾಗ ಇಕ್ಕಳ ಹಿಡಿಯುವ ಒಬ್ಬರನ್ನು ಕರೆತನ್ನಿ.

ಇಂತಿ,
ಹಲ್ಲುನೋವಿನಿಂದ ಪೂಜ್ಯಳಾದವಳ ತಮ್ಮ,
ವಿಮಲನಾಥ
ಮುಳ್ಳನ್ಕೊಲ್ಲಿ