ಹದಿನೇಳು ತಾಸು ಕೂರಿಸಿದ ಅಗ್ಗದ ಟಿಕೆಟ್ಟು

ಕೂಲಿಕಾರರ ಪ್ರತಿನಿಧಿಗಳನ್ನು ಪರದೇಶದ ಸಭೆಗಳಿಗೆ ಕಳಿಸಿಕೊಡುವ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ಕುಶಲ ಕೇಳುವಷ್ಟು ತಾಳ್ಮೆ ಉಳಿದಿಲ್ಲ. ನೀವು ಕೊಡುತ್ತೇವೆ ಎಂದದ್ದು: ಮುಂಬಯಿಯಿಂದ ಯುರೋಪಿನ ಆ ಊರಿಗೆ ಒಂದೇ ಕಂಪನಿಯ ವಿಮಾನ, ನಡುವೆ ಒಂದೇ ಕಡೆ ಬದಲಾವಣೆ, ಜತೆಗೊಬ್ಬ ಸಂಗಾತಿ, ಅಲ್ಲಿ ಕಬ್ಬು ಕಡಿಯುವ ಹೆಂಗಸರ ಪರವಾಗಿ ಹತ್ತು ನಿಮಿಷದ ಮಾತು. ನೀವು ಕೊಟ್ಟದ್ದು: ಮೂರು ಕಂಪನಿ, ಎರಡು ಬದಲಾವಣೆ, ಎರಡನೆಯ ನಿಲ್ದಾಣದಲ್ಲಿ ಹದಿನೇಳು ತಾಸಿನ ಕಾಯುವಿಕೆ. ಸಂಗಾತಿ ಇಲ್ಲ. ಹೀಗಾಗಿ ಮಾತೂ ಇಲ್ಲ. ಕೇಳದೆಯೇ ಕೊಟ್ಟದ್ದು ಮಾತ್ರ ಒಂದು ನೋಟಿಸು: "ಪ್ರತಿನಿಧಿಯು ಸ್ವಂತ ನಿರ್ಲಕ್ಷ್ಯದಿಂದ ಗೈರುಹಾಜರಾಗಿದ್ದು, ಮುಂದಿನ ಸಭೆಯ ಪಟ್ಟಿಯಿಂದ ಹೆಸರನ್ನು ಏಕೆ ಕೈಬಿಡಬಾರದು?"

ಆ ಪ್ರತಿನಿಧಿಯ ಹೆಸರು ಅಕ್ಕುತಾಯಿ. ರಾಯಬಾಗ ತಾಲೂಕಿನವಳು, ಐವತ್ತೆರಡು ವರ್ಷ, ಮೂವತ್ತು ಹಂಗಾಮು ಶಿರಗುಪ್ಪಿ ಸುತ್ತಿನ ಕಬ್ಬು ಕಡಿದವಳು. ಹೆರಿಗೆಯಾದ ಒಂಬತ್ತನೇ ದಿನಕ್ಕೆ ಕುಡುಗೋಲು ಹಿಡಿದವಳು. ಹೇಳಬೇಕಿದ್ದದ್ದು ಅದನ್ನೇ. ಕನ್ನಡ ಬರುತ್ತದೆ, ಮರಾಠಿ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂದು ನಿಮ್ಮ ಅರ್ಜಿಯ ಆರನೇ ಕಾಲಮ್ಮಿನಲ್ಲಿ ನಾನೇ ಬರೆದುಕೊಟ್ಟಿದ್ದೆ. ಓದಿದಿರಾ?

ಜತೆಗೆ ಹೋಗಬೇಕಿದ್ದವನು ನಾನು. ಒಂದು ಮಧ್ಯಾಹ್ನ ನಿಮ್ಮ ಗುಮಾಸ್ತರು ಕರೆದು, ಅನುದಾನ ಒಬ್ಬರಿಗೇ ಬಂದಿದೆ ಎಂದು ನನ್ನ ಹೆಸರು ಹೊಡೆದುಹಾಕಿದರು. ಆಮೇಲೆ ಕಂಪ್ಯೂಟರ್ ತಿರುಗಿಸಿ ಎರಡು ಟಿಕೆಟ್ಟು ತೋರಿಸಿದರು. ಮೊದಲನೆಯದು ಕೇಳಿ ಗೊತ್ತಿದ್ದ ಕಂಪನಿ, ಮೂರು ತಾಸಿನ ನಿಲುಗಡೆ, ಕೈಹಿಡಿದು ದಾಟಿಸುವ ಸಿಬ್ಬಂದಿಯೂ ಸಿಗುತ್ತಾರೆ. ಎರಡನೆಯದು ಹತ್ತೊಂಬತ್ತು ಸಾವಿರ ಕಡಿಮೆ. ಅದರಲ್ಲಿದ್ದ ಒಂದು ಕಂಪನಿಯ ಹೆಸರನ್ನು ಗುಮಾಸ್ತರಿಗೂ ಓದಲು ಬರಲಿಲ್ಲ.

"ಹದಿನೇಳು ತಾಸು ಒಬ್ಬಾಕೀನ ಏನ್ ಮಾಡ್ಬೇಕ್ರಿ?" ಎಂದೆ.

"ಏನ್ ಮಾಡೂದೈತ್ರಿ? ಕುಂತು ಕಾಯೂದು. ಅಕಿಗರೆ ಆಫೀಸಿಗೆ ಹೋಗೂದೈತೇನು?"

ಮಾನ್ಯರೇ, ಆಗ ಮೇಜು ಗುದ್ದಬೇಕಿತ್ತು. ಗುದ್ದಲಿಲ್ಲ. ಸರ್ಕಾರದ ದುಡ್ಡೂ ಜನರ ದುಡ್ಡೇ ಎಂದುಕೊಂಡೆ. ಲಾರಿ ಹತ್ತಿ ಮೆರವಣಿಗೆಗೆ ಹೋಗಿ ಬಂದ ಚಳವಳಿಯವರು ನಾವು, ಅಗ್ಗದ್ದು ಕಂಡರೆ ಅದೇ ಸರಿ ಅನ್ನುವ ಚಾಳಿ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ. ಈ ಪತ್ರದ ಅರ್ಧ ಬೈಗುಳ ನನಗೇ ಸೇರಬೇಕು.

ಈಗ ಕೇಳಿ. ಕಬ್ಬಿನ ಗ್ಯಾಂಗಿನಲ್ಲಿ ಒಂದು ರೀತಿ ಇದೆ. ಮುಂದಾಳು, ಅಂದರೆ ಮುಕಾದಮ, ಕೂಗಿ ಕರೆಯುವತನಕ ಯಾರೂ ಗಾಡಿ ಹತ್ತುವಂತಿಲ್ಲ. ಆತ ತಲೆ ಎಣಿಸುತ್ತಾನೆ. ಒಂದು ತಲೆ ಕಡಿಮೆ ಬಿದ್ದರೂ ಟ್ರ್ಯಾಕ್ಟರ್ ಕದಲುವುದಿಲ್ಲ. ಮೂವತ್ತು ವರ್ಷ ಅಕ್ಕುತಾಯಿ ಕಲಿತ ಪ್ರಯಾಣ ಅದು. ಆ ಎರಡನೆಯ ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಕೈಮಾಡಿ ಕುರ್ಚಿ ತೋರಿಸಿದಳು. ಇವಳು ಕೂತಳು. ಚೀಲದಲ್ಲಿ ಜೋಳದ ರೊಟ್ಟಿ ಇತ್ತು, ಶೇಂಗಾ ಚಟ್ನಿಪುಡಿ ಇತ್ತು. ತೆಗೆದಳು, ಮತ್ತೆ ಕಟ್ಟಿಟ್ಟಳು. ಹುಟ್ಟಿದಾಗಿನಿಂದ ಒಬ್ಬಳೇ ಕೂತು ಉಂಡವಳಲ್ಲ. ಎದುರಿಗೆ ಸಾವಿರ ಜನ ಹಾದು ಹೋದರು, ಒಬ್ಬರೂ "ಯಾವೂರಬೇ?" ಅನ್ನಲಿಲ್ಲ. ಆಚೆ ಗೋಡೆಯ ಪರದೆಯ ಮೇಲೆ ಅವಳು ವಿಮಾನ ಹತ್ತಬೇಕಿದ್ದ ಬಾಗಿಲಿನ ನಂಬರು ಬದಲಾಯಿತು. ಆ ನಿಲ್ದಾಣದಲ್ಲಿ ಕೂಗಿ ಹೇಳುವ ಪದ್ಧತಿಯೇ ಇಲ್ಲವಂತೆ. ಮೌನವೇ ಅಲ್ಲಿಯ ಸೌಲಭ್ಯ!

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು, ಯಾವ ದೇಶದವಳೋ, ತನ್ನ ಫೋನು ಕೊಟ್ಟಳು. ಚೀಟಿಯಲ್ಲಿ ಬರೆದುಕೊಟ್ಟಿದ್ದ ನನ್ನ ನಂಬರಿಗೆ ಅದರಿಂದಲೇ ಕರೆ ಬಂತು.

"ಜ್ಞಾನು, ವಿಮಾನ ನನ್ನ ಬಿಟ್ಟು ಹೋತೋ."

"ಹೆಂಗ ಹೋತು ಮಾವಶಿ? ನೀ ಎಲ್ಲಿದ್ದಿ?"

"ಕುಂದ್ರು ಅಂದಲ್ಲೇ ಕುಂತೀನಿ. ತಲಿ ಎಣಿಸ್ಲೇ ಇಲ್ಲೋ ಅವ್ರು."

ಎರಡು ದಿನದ ಮೇಲೆ ಅವಳನ್ನು ಹಾಗೇ ತಿರುಗಿ ಕಳಿಸಿದರು. ಆ ಊರಿನ ಸಭೆ ಅಷ್ಟರಲ್ಲಿ ಮುಗಿದಿತ್ತು.

ಇದು ನಿರ್ಲಕ್ಷ್ಯವೇ, ಮಾನ್ಯರೇ? ಕೂರು ಎಂದಲ್ಲಿ ಹದಿನೇಳು ತಾಸು ಕದಲದೆ ಕೂತವಳದು ನಿರ್ಲಕ್ಷ್ಯವಾದರೆ, ಆರನೇ ಕಾಲಮ್ಮು ಓದದೆ ಟಿಕೆಟ್ಟು ಕೊಂಡವರದು ಏನು? ಕರ್ತವ್ಯನಿಷ್ಠೆಯೇ? ಕಳೆದ ವರ್ಷ ನಿಮ್ಮ ವಿಭಾಗದವರೇ ಅಧ್ಯಯನ ಪ್ರವಾಸಕ್ಕೆ ಹೋದಿರಲ್ಲ, ಎಷ್ಟು ಕಡೆ ಇಳಿದು ಹತ್ತಿದಿರಿ? ನಿಮ್ಮ ಸಮಯಕ್ಕೆ ಬೆಲೆ ಇದೆ, ಅದಕ್ಕೇ ನೇರ ವಿಮಾನ. ಅವಳ ಸಮಯಕ್ಕೆ ಬೆಲೆ ಇಲ್ಲ, ಅದಕ್ಕೇ ಅದನ್ನು ಟಿಕೆಟ್ಟಿನ ದರದಲ್ಲಿ ಮುರಿದುಕೊಂಡಿರಿ. ಉಳಿತಾಯ ಎಂದು ಕಡತದಲ್ಲಿ ಬರೆದುಕೊಂಡಿರುವುದು ಒಬ್ಬ ಹೆಂಗಸಿನ ಭಯವನ್ನು.

ತಿರುಗಿ ಬಂದವಳನ್ನು ಗ್ಯಾಂಗು ಸುಮ್ಮನೆ ಬಿಟ್ಟಿತೇ? "ಬಂದ್ರು ನೋಡ್ರಲೇ ವಿಮಾನದ ಬಾಯಿಸಾಹೇಬ್ರು, ಕೈಮುಗೀರಿ" ಎಂದರು. ನಗೆಯೇ, ಕೇಡಿನ ಮಾತಲ್ಲ. ಆದರೆ ಅವಳು ಈಗ ಕಬ್ಬಿನ ಸಾಲಿನ ಆ ತುದಿಗೆ ಬೆನ್ನು ತಿರುಗಿಸಿ ಕೂತು ಉಣ್ಣುತ್ತಾಳೆ. ಮೊನ್ನೆ ನಿಮ್ಮ ನೋಟಿಸು ಓದಿ ಹೇಳಿದೆ. "ಖರೇನ ನಂದ ತಪ್ಪೇನೋ?" ಎಂದು ಕೇಳಿದಳು. ಅವಳಿಂದ ನಾಲ್ಕು ಮಾರು ದೂರ ನಾನೂ ಒಬ್ಬನೇ ಕೂತೆ.

ಆದ್ದರಿಂದ ನಮ್ಮ ಹಕ್ಕೊತ್ತಾಯ. 'ಸ್ವಂತ ನಿರ್ಲಕ್ಷ್ಯ' ಎಂಬ ಎರಡು ಪದಗಳನ್ನು ಕಡತದಿಂದ ಹೊಡೆದುಹಾಕಿ. ಏಪ್ರಿಲ್ಲಿನ ಸಭೆಗೆ ಅಕ್ಕುತಾಯಿಯನ್ನೇ ಕಳಿಸಿ, ಅವಳ ಮಾತು ಬಲ್ಲ ಒಬ್ಬ ಹೆಂಗಸನ್ನು ಜತೆಗೆ ಕೊಟ್ಟು ಕಳಿಸಿ. ನನ್ನನ್ನು ಬೇಡ.

ಪಟ್ಟಿ ಅಖೈರು ಮಾಡುವ ಸಭೆ ನಿಮ್ಮ ಕಚೇರಿಯಲ್ಲಿದೆ. ಅವಳು ಬರುತ್ತಾಳೆ. ಯುರೋಪಿನಲ್ಲಿ ಹೇಳಲಾಗದ ಆ ಹತ್ತು ನಿಮಿಷದ ಮಾತನ್ನು ಮೊದಲು ನಿಮ್ಮ ಮುಂದೆ ಹೇಳುತ್ತಾಳೆ. ಎದುರಿಗೊಂದು ಕುರ್ಚಿ ಇರಲಿ, ನೀವೂ ಇರಿ. ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ಜತೆಗೆ ಹೋಗಬೇಕಿದ್ದು ಊರಲ್ಲೇ ಉಳಿದ,
ಜ್ಞಾನದೇವ
ಕಬ್ಬು ಕಡಿಯುವವರ ಸಂಘಟನೆ, ಚಿಕ್ಕೋಡಿ